ಆಡೂರು ಮುಟ್ಟಿದ ಐಸು

ಆಡೂರಿನ ಉಡಚವ್ವನ ಅಡುಗೆಮನೆಯ ಗೋಡೆಗೊರಗಿ ಕುಳಿತ ನರ್ಸ್ ಸರೋಜವ್ವ ಥರ್ಮಾಸಿನ ಮುಚ್ಚಳ ತಿರುಗಿಸಹೋದಳು. ಬಲ ಮೊಣಕೈ ಚುಳ್ ಎಂದಿತು. ಎಡಗೈಯಿಂದ ತೆರೆದು ನೋಡಿದರೆ ಒಳಗೆ ಬರೀ ನೀರು. ಬೆಳಿಗ್ಗೆ ಹಾನಗಲ್ ಆಸ್ಪತ್ರೆಯಲ್ಲಿ ತುಂಬಿಕೊಂಡ ಐಸು ಕರಗಿ, ಮಕ್ಕಳ ಲಸಿಕೆಯ ಸೀಸೆಗಳು ಬೆಚ್ಚಗಾಗಿದ್ದವು. ಹೀಗಾದದ್ದು ಇದು ಎರಡನೆಯ ಬುಧವಾರ. ಕಾದಿದ್ದ ತಾಯಂದಿರನ್ನು ಮತ್ತೆ ಹಾಗೇ ಕಳಿಸಬೇಕಾಯಿತು.

"ಅರ್ಧ ದಾರಿ ಸೈಕಲ್ ನೂಕ್ಕೊಂಡ ಬಂದೆ ಉಡಚವ್ವ, ಹೊತ್ತಾತು. ಹ್ಯಾಂಡಲ್ ಹಿಡಿಯಾಕ ಆಗವಲ್ದು. ಮೂರು ಸಲ ಐಸ್ ಕರಗಿದ್ರ ಆಡೂರನ್ನ ನಾಗಪ್ಪಗ ಕೊಡ್ತೇನಿ ಅಂದಾರ ಡಾಕ್ಟರು."

ನಾಗಪ್ಪ ಆಸ್ಪತ್ರೆಯ ಸಹಾಯಕ. ಕೆಟ್ಟವನಲ್ಲ, ಆದರೆ ಗಂಡಸು. ಬಾಣಂತಿಯ ಕೋಣೆಯ ಬಾಗಿಲು ಅವನಿಗೆ ತೆರೆಯುವುದುಂಟೇ? ಅದನ್ನು ತೆರೆಸಲು ಸರೋಜವ್ವನಿಗೇ ಎರಡು ವರ್ಷ ಹಿಡಿದಿತ್ತು. ಊರು ಕೈತಪ್ಪುತ್ತದೆಂದು ಅವಳಿಗೆ ಅಳುವೇ ಬಂತು.

ಉಡಚವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನೀವು ಸೈಕಲ್ ಹೊಡ್ಯೂದು ನೋಡೇನ್ರಿ ನರ್ಸಬಾಯಿ. ಕೈ ಒನಕಿ ಹಂಗ ಸೆಟೆದಿರ್ತಾವು. ನನ್ನ ಮೊಣಕೈ ನೋಡ್ರಿ, ಎಷ್ಟು ಸಡ್ಲ ಐತಿ. ಮದಿವ್ಯಾಗಿ ಬಂದ ಹೊಸದಾಗ ಅತ್ತಿ ಮುಂದ ತಪ್ಪಬಾರ್ದಂತ ನಾನೂ ಸೆಟಿಸೇ ಬಡೀತಿದ್ದೆ. ಎಂಟು ದಿನಕ್ಕ ಕೊಡ ಎತ್ತಾಕ ಬರ್ಲಿಲ್ಲ. ಆ ದಾರಿ ಕಲ್ಲಿನ ಪೆಟ್ಟೆಲ್ಲ ಎಲ್ಲಿಗೆ ಹೋಗ್ಬೇಕು ಹೇಳ್ರಿ?"

ಸರೋಜವ್ವ ತನ್ನ ಕೈ ನೋಡಿಕೊಂಡಳು. ಸೈಕಲ್ ಹತ್ತಿದ ಮೊದಲ ದಿನ ಚಹಾದಂಗಡಿಯ ಬೆಂಚಿನವರು ನಕ್ಕಿದ್ದರು. ಬಿದ್ದರೆ ಮಾನ ಹೋದೀತೆಂದು ಅಂದಿನಿಂದ ಹಿಡಿಕೆ ಬಿಗಿಹಿಡಿದು, ಕುದುರೆ ಮೇಲಿನ ಸರದಾರನ ಹಾಗೆ ಸೆಟೆದು ಕೂರುತ್ತಿದ್ದಳು. ನಕ್ಕವರು ಎಂದೋ ಮರೆತಿದ್ದರು.

ಆ ವಾರವೆಲ್ಲ ಅವಳು ಸೈಕಲ್ ಮುಟ್ಟಲಿಲ್ಲ. ಮೊಣಕೈಗೆ ಬಿಸಿನೀರಿನ ಶಾಖ ಕೊಟ್ಟಳು. ಸೈಕಲ್ ಅಂಗಡಿಯ ಉಳವಪ್ಪನಿಂದ ಹ್ಯಾಂಡಲ್ ಎರಡು ಬೆರಳು ಎತ್ತರಿಸಿಕೊಂಡಳು. ಅದಕ್ಕೆ ನೇತುಹಾಕುತ್ತಿದ್ದ ಥರ್ಮಾಸನ್ನು ಹಿಂದಿನ ಕ್ಯಾರಿಯರಿಗೆ ಬಿಗಿದಳು.

ಬುಧವಾರ ಬಂತು. ಎಪ್ಪತ್ತೊಂಬತ್ತರ ಆ ಬೇಸಿಗೆಯಲ್ಲಿ ಎಂಟಕ್ಕೇ ನೆತ್ತಿ ಸುಡುತ್ತಿತ್ತು. ಮೊಣಕೈ ಸಡಿಲ ಬಿಟ್ಟು ಹೊರಟವಳ ಮೈ ಕಲ್ಲಿಗೊಮ್ಮೆ ಏಳುತ್ತಿತ್ತು, ತಗ್ಗಿಗೊಮ್ಮೆ ಇಳಿಯುತ್ತಿತ್ತು.

"ನರ್ಸಬಾಯಿ ಕುಣಕೋತ ಹೊಂಟಾರ ನೋಡ್ರೋ!" ಬೆಂಚಿನಿಂದ ಒಬ್ಬ ಕೂಗಿದ.

"ನಗ್ರಿ, ಹೊಟ್ಟಿ ತುಂಬ ನಗ್ರಿ!" ಎಂದು ಗಂಟೆ ಬಾರಿಸಿ ಮುಂದೆ ಹೋದಳು. ಇಳಿದು ನೂಕುತ್ತಿದ್ದ ಹಳ್ಳದ ಇಳಿಜಾರನ್ನು ಅಂದು ಇಳಿಯದೆ ದಾಟಿದಳು. ನೋವು ಈಗ ಬಂದೀತು, ಆಗ ಬಂದೀತು ಎಂದು ಕಾದಳು. ಬರಲಿಲ್ಲ. ಖುಷಿಗೆ ಒಬ್ಬಳೇ ನಕ್ಕಳು.

ಉಡಚವ್ವನ ಅಂಗಳ ತುಂಬ ತಾಯಂದಿರು. ಸರೋಜವ್ವ ಎಲ್ಲರೆದುರು ಬಲಗೈಯಿಂದಲೇ ಮುಚ್ಚಳ ತಿರುಗಿಸಿದಳು. ಒಳಗೆ ಐಸು ಕಟಕಟ ಎಂದಿತು. ಹನ್ನೊಂದು ಮಕ್ಕಳು ಸೂಜಿಗೆ ಚೀರಿ ಓಣಿಯನ್ನೇ ಎಬ್ಬಿಸಿದವು. ಆಡೂರು ಅವಳದಾಗಿಯೇ ಉಳಿಯಿತು.

ಕೊನೆಯ ಮಗುವಿನ ನಂತರ ಥರ್ಮಾಸಿನ ತಳದಲ್ಲಿ ಐಸಿನ ಒಂದು ಚೂರು ಉಳಿದಿತ್ತು. ಅದನ್ನು ತೆಗೆದು ಉಡಚವ್ವನ ಹಿಟ್ಟುಗೈಯಲ್ಲಿಟ್ಟಳು.

"ಅಯ್ಯ ಶಿವನ, ಸುಡ್ತೈತಲ್ರಿ ಇದು!"

ಆದರೂ ಉಡಚವ್ವ ಅದನ್ನು ಕೆಳಗೆ ಬಿಡಲಿಲ್ಲ. ಈ ಅಂಗೈಯಿಂದ ಆ ಅಂಗೈಗೆ ದಾಟಿಸುತ್ತ, ಮೊಣಕೈವರೆಗೆ ನೀರು ಇಳಿಸಿಕೊಳ್ಳುತ್ತ, ಓಣಿಯವರನ್ನೆಲ್ಲ ಐಸು ನೋಡಲು ಕೂಗಿ ಕರೆದಳು.