ಮೊದಲು ಪ್ಲಗ್ ನೋಡಿ

ನನ್ನ ತಮ್ಮನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇಲ್ಲ. ಅವನು ಚಪ್ಪಲಿ ಅಂಗಡಿಯ ಮ್ಯಾನೇಜರ್. ಆದರೆ ಪೈಲಟ್ ಒಬ್ಬ ಕೈಗೆ ಸಿಕ್ಕರೆ ವಿಮಾನ ಇಳಿಸುವುದು ಹೇಗೆಂದು ಹೇಳಿಕೊಟ್ಟೇ ಕಳಿಸುತ್ತಾನೆ. ಅವನಿಗೆ ‘ಎಕ್ಸ್‌ಪರ್ಟು’ ಎಂದು ಹೆಸರಿಟ್ಟವಳು ಅಮ್ಮ. ಅವನು ಅದನ್ನು ಹೊಗಳಿಕೆ ಎಂದೇ ತಿಳಿದು ಇಷ್ಟು ವರ್ಷ ಎದೆಯುಬ್ಬಿಸಿಕೊಂಡು ಓಡಾಡಿದ್ದಾನೆ.

ಆ ಭಾನುವಾರ ಅವನನ್ನು ನಂಬಿ ಕಂಪ್ಯೂಟರಿನ ಮುಂದೆ ಕೂರಿಸಿದವಳು ನಾನೇ. ಅದಕ್ಕೇ ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅದರ ಮುಂದಿನ ಬುಧವಾರ ಅಮ್ಮನಿಗೆ ಆಪರೇಷನ್ ಇತ್ತು. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದರು. ಆಮೇಲೆ ಮಾತಾಡಲು ಏನೋ ಯಂತ್ರ ಕೊಡುತ್ತಾರಂತೆ, ಆದರೆ ಅದರಲ್ಲಿ ಬರುವುದು ಯಂತ್ರದ ದನಿ. ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಅಮ್ಮ ಒಂದು ಸ್ಲೇಟು, ಒಂದು ಡಬ್ಬಿ ಬಳಪ ಕೊಂಡಳು. ಅವತ್ತಿನಿಂದ ಬಾಯಿಗೆ ಬೀಗ. ‘ಹೇಗೂ ಹೋಗುವುದು ಹೋಗುತ್ತೆ, ಈಗಿಂದಲೇ ಅಭ್ಯಾಸ ಆಗಲಿ’ ಎಂದು ಬರೆದು ನನ್ನ ಮುಖಕ್ಕೆ ಹಿಡಿದಳು. ಇನ್ನೂ ಉಳಿದಿರುವ ಮಾತನ್ನು ಹೀಗೆ ಪೋಲು ಮಾಡುವವರನ್ನು ನಾನು ನೋಡಿಲ್ಲ. “ನಾಲ್ಕು ಮಾತಾದ್ರೂ ಆಡಮ್ಮ, ಫೋನಲ್ಲಿ ಇಟ್ಕೊಳ್ತೀನಿ” ಎಂದು ಬೇಡಿಕೊಂಡೆ. ‘ಈ ಒಡಕು ದನಿ ಬೇಡ’ ಎಂದು ಬರೆದಳು. ನಾನು ಓದಿ ಮುಗಿಸುವ ಮೊದಲೇ ಅಂಗೈಯಿಂದ ಒರೆಸಿಬಿಟ್ಟಳು.

ಒಂದು ಕಾಲದಲ್ಲಿ ಆ ದನಿಯನ್ನು ಊರೆಲ್ಲ ಕೇಳಿತ್ತು. ಒಂದು ಪುಟ್ಟ ರೇಡಿಯೊದಲ್ಲಿ ಅಮ್ಮ ವಾರಕ್ಕೊಮ್ಮೆ ಮನೆ ರಿಪೇರಿಯ ಕಾರ್ಯಕ್ರಮ ನಡೆಸುತ್ತಿದ್ದಳು. ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ತಿರುಗದ ಫ್ಯಾನು, ಎಲ್ಲಕ್ಕೂ ಅವಳ ಹತ್ತಿರ ಮದ್ದಿತ್ತು. ಕೇಳುಗರು ಉದ್ದುದ್ದ ಬರೆದು ಗೋಳು ತೋಡಿಕೊಂಡರೆ, ಅಮ್ಮ ನಿಧಾನವಾಗಿ ಓದಿ, “ಮೊದಲು ಪ್ಲಗ್ ನೋಡಿ” ಎನ್ನುತ್ತಿದ್ದಳು. ಅಷ್ಟಕ್ಕೇ ಅರ್ಧ ಊರಿನ ರಿಪೇರಿ ಮುಗಿಯುತ್ತಿತ್ತು.

ಕಾರ್ಯಕ್ರಮವನ್ನು ಅವಳು ರೆಕಾರ್ಡ್ ಮಾಡುತ್ತಿದ್ದದ್ದು ನಮ್ಮ ಮನೆಯ ಸಾಮಾನು ಕೋಣೆಯಲ್ಲಿ. ಗೋಡೆಗೆ ಹಾಸಿಗೆ ಒರಗಿಸಿ, ಫ್ಯಾನು ನಿಲ್ಲಿಸಿ, ಬಾಗಿಲ ಚಿಲಕಕ್ಕೆ ಕೆಂಪು ಟವೆಲ್ ಸಿಕ್ಕಿಸುತ್ತಿದ್ದಳು. ಟವೆಲ್ ಕಂಡರೆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ನಾನೂ ತಮ್ಮನೂ ಬೆರಳನ್ನು ತುಟಿಯ ಮೇಲಿಟ್ಟುಕೊಂಡೇ ದೊಡ್ಡವರಾದೆವು. ಅಷ್ಟೆಲ್ಲ ಮಾಡಿ ಅವಳು ಒಂದೇ ಒಂದು ಕ್ಯಾಸೆಟ್ ಉಳಿಸಲಿಲ್ಲ. ಪ್ರಸಾರವಾಗಿ ಬಂದ ಕ್ಯಾಸೆಟ್ಟಿನ ಮೇಲೆಯೇ ಮುಂದಿನ ವಾರದ್ದನ್ನು ಮಾತಾಡಿ ಕಳಿಸುತ್ತಿದ್ದಳು. ಜಿಪುಣತನಕ್ಕೂ ಒಂದು ಮಿತಿ ಬೇಡವೆ?

ಆ ರೇಡಿಯೊ ಈಗ ಇಂಟರ್ನೆಟ್ಟಿನಲ್ಲಿ ಮಾತ್ರ ಬರುತ್ತದೆ. ನಡೆಸುವವನು ಮಹಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಕೂತು ಹಳೆಯ ಹಾಡು ಹಾಕುವ ಮುದುಕ. ಫೋನ್ ಮಾಡಿ ಗೋಗರೆದೆ. ಅವನು ಕಪಾಟು ಜಾಲಾಡಿ, ಅಮ್ಮನಿಗೆ ವಾಪಸು ಹೋಗದೆ ಉಳಿದಿದ್ದ ಒಂದು ಕ್ಯಾಸೆಟ್ ಹುಡುಕಿದ.

“ಬೂಷ್ಟು ಹಿಡಿದಿದೆ ಕಣಮ್ಮ, ಅಲ್ಲಲ್ಲಿ ಅಂಟಿಸಿದೀನಿ. ಒಂದು ಸಲ ಓಡಿದ್ರೆ ಅದೃಷ್ಟ. ಕಾಪಿಗೀಪಿ ಮಾಡೋಕೆ ನನಗೆ ಬರಲ್ಲ. ಭಾನುವಾರ ಮಧ್ಯಾಹ್ನ ಹಾಕ್ತೀನಿ, ಮನೇಲೇ ರೆಕಾರ್ಡ್ ಮಾಡ್ಕೊಂಬಿಡಿ.”

ಒಂದು ಸಲ. ಕಾರು ಕಲಿಸುವವಳು ನಾನು, ಒಂದು ಸಲ ಎನ್ನುವ ಮಾತೇ ನನಗೆ ಆಗುವುದಿಲ್ಲ. ನಮ್ಮ ಸ್ಕೂಲಿನ ಕಾರಿನಲ್ಲಿ ನನ್ನ ಕಾಲಡಿಯೂ ಒಂದು ಬ್ರೇಕ್ ಇದೆ. ಕಲಿಯುವವರು ಎಡವಟ್ಟು ಮಾಡಿದರೆ ನಾನು ಒತ್ತುತ್ತೇನೆ. ಕಂಪ್ಯೂಟರಿನಲ್ಲಿ ಅಂಥದ್ದೇನೂ ಇಲ್ಲ, ಹಾಗಾಗಿ ಎಕ್ಸ್‌ಪರ್ಟನ್ನು ಕರೆದೆ.

ಶನಿವಾರ ಬಂದು ಪರೀಕ್ಷೆ ಮಾಡಿದ. ಇಂಟರ್ನೆಟ್ಟಿನಲ್ಲಿ ಒಂದು ಹಾಡು ಹಾಕಿ, ರೆಕಾರ್ಡ್ ಮಾಡಿ, ಕೇಳಿಸಿದ. ಹಾಡು ಸ್ವಲ್ಪ ದೂರದಲ್ಲಿ ಹಾಡಿದಂತಿತ್ತು, ಆದರೆ ಬಂದಿತ್ತು. “ನೋಡ್ದ್ಯಾ? ನೀರು ಕುಡಿದಷ್ಟು ಸುಲಭ” ಎಂದು ಕಾಲರ್ ಎಳೆದುಕೊಂಡ.

ಭಾನುವಾರ ಅವನು ಬಂದದ್ದೇ ಹೊಸ ಹೆಡ್‌ಫೋನ್ ಹಿಡಿದುಕೊಂಡು. ಬೀರುವಿನ ತಳದಿಂದ ಆ ಕೆಂಪು ಟವೆಲನ್ನೂ ಹುಡುಕಿ ತೆಗೆದು ಬಾಗಿಲಿಗೆ ಸಿಕ್ಕಿಸಿದ. ಕಿಟಕಿ ಮುಚ್ಚಿದ, ಫ್ಯಾನು ಆರಿಸಿದ. ಅಮ್ಮ ಹಿಂದಿನ ಕುರ್ಚಿಯಲ್ಲಿ ತೊಡೆಯ ಮೇಲೆ ಸ್ಲೇಟ್ ಇಟ್ಟುಕೊಂಡು ಕೂತಳು. ಟವೆಲ್ ಕಂಡು ಅವಳ ತುಟಿಯ ಅಂಚು ಸ್ವಲ್ಪ ಅಲುಗಿತು.

“ಹೆಡ್‌ಫೋನ್ ಯಾಕೋ? ನಿನ್ನೆ ಹಾಕಿರಲಿಲ್ವಲ್ಲ” ಎಂದೆ.

“ಸ್ಪೀಕರಲ್ಲಿ ಹಾಕಿದ್ರೆ ಕೋಣೆ ತುಂಬ ಸದ್ದು. ನಿಶ್ಶಬ್ದ ಇದ್ರೇನೇ ರೆಕಾರ್ಡಿಂಗ್ ಚೆನ್ನಾಗಿ ಬರೋದು. ನಮ್ಮನೇಲಿ ಇಷ್ಟು ವರ್ಷ ನೋಡಿ ಅಷ್ಟೂ ಕಲಿಲಿಲ್ವಾ ನೀನು?”

ಟವೆಲ್ಲಿನ ಮನೆಯಲ್ಲಿ ಬೆಳೆದ ನನಗೂ ಅದು ಸರಿ ಎಂದೇ ತೋರಿತು. ಹೇಳಿದ ಹೊತ್ತಿಗೆ ಅವನು ಗುಂಡಿ ಒತ್ತಿದ. ಹೆಡ್‌ಫೋನ್ ಒಳಗೆ ಕಾರ್ಯಕ್ರಮ ಶುರುವಾಗಿರಬೇಕು, ಅವನ ಮುಖ ಅರಳಿತು.

“ಬರ್ತಿದೆ ಕಣಕ್ಕ” ಎಂದು ಪಿಸುಗುಟ್ಟಿದ. “ಅಮ್ಮ! ಏನು ದನಿ! ಗಂಟೆ ಹೊಡೆದ ಹಾಗಿದೆ.”

ಕೇಳಿಸುತ್ತಿದ್ದದ್ದು ಅವನೊಬ್ಬನಿಗೆ. ನನಗೆ ಕಾಣುತ್ತಿದ್ದದ್ದು ಪರದೆಯ ಮೇಲಿನ ಹಸಿರು ಗೆರೆ. ನಿನ್ನೆ ಹಾಡಿಗೆ ಏರಿಳಿದು ಕುಣಿದಿದ್ದ ಅದು ಇವತ್ತು ನೆಟ್ಟಗೆ ಮಲಗಿತ್ತು.

“ಗೆರೆ ಏಳ್ತಾನೇ ಇಲ್ವಲ್ಲೋ!”

ಗೆರೆ ಚಂಗನೆ ಎದ್ದು ಕೂತಿತು. “ಬಂತು ಬಂತು” ಎಂದ. ಅದಕ್ಕೂ ಎದ್ದಿತು. ಇಬ್ಬರೂ ಉಸಿರು ಹಿಡಿದು ಕಾದೆವು. ಮತ್ತೆ ಮಲಗಿತು.

ಅಲ್ಲಿಂದ ಎಕ್ಸ್‌ಪರ್ಟಿನ ಕೈ ನಿಲ್ಲಲಿಲ್ಲ. ಅದರ ಶಬ್ದ ಹೆಚ್ಚಿಸಿದ, ಇದರದ್ದು ತಗ್ಗಿಸಿದ, ಹೆಸರೇ ಗೊತ್ತಿಲ್ಲದ ಕಿಟಕಿಗಳನ್ನು ತೆರೆದ. ಫೋನಿನಲ್ಲಿ ಯಾರದ್ದೋ ವಿಡಿಯೊ ಹುಡುಕಿದ. ಅದರಲ್ಲಿ ಮೊದಲು ಜಾಹೀರಾತು ಬಂತು. ಕಾರ್ಯಕ್ರಮ ಇರುವುದೇ ಅರ್ಧ ಗಂಟೆ, ಇವನು ಶಾಂಪೂ ಜಾಹೀರಾತು ನೋಡುತ್ತಿದ್ದಾನೆ!

“ಆ ಹೆಡ್‌ಫೋನಾದ್ರೂ ಕಿತ್ತು ನನಗೆ ಕೊಡು, ಕಿವಿಯಿಂದಾದ್ರೂ ಕೇಳಿಸ್ಕೊಳ್ತೀನಿ.”

“ಮಧ್ಯೆ ಕಿತ್ರೆ ಎಲ್ಲಾ ಕಟ್ ಆಗುತ್ತೆ. ನಿನಗೆ ಗೊತ್ತಾಗಲ್ಲ, ಸುಮ್ನಿರು.”

“ನನಗೆ ಗೊತ್ತಾಗಲ್ಲ! ನಿನಗೆ ಗೊತ್ತಾಗಿ ಉದ್ಧಾರ ಆಗಿದ್ದು ಕಾಣ್ತಿದೆಯಲ್ಲ. ಹೋದ ಸಲ ಅಮ್ಮನ ವಾಷಿಂಗ್ ಮಷಿನ್ ಬಿಚ್ಚಿದೋನು ನೀನೇ ತಾನೆ? ಅದು ಇವತ್ತಿಗೂ ಬಕೆಟ್ ಇಡೋ ಸ್ಟೂಲಾಗಿದೆ!”

“ನೀನು ಕೂಗ್ಬೇಡ, ರೆಕಾರ್ಡಿಂಗ್ ಹಾಳಾಗುತ್ತೆ!”

“ಇದ್ದರೆ ತಾನೆ ಹಾಳಾಗೋದು! ಬುಧವಾರ ಅಮ್ಮನ ದನಿ ಹೋಗುತ್ತೆ ಕಣೋ! ಹೋದ್ಮೇಲೆ ನಿನ್ನ ವಿಡಿಯೊ ಕೇಳ್ಕೊಂಡಿರ್ಲಾ ನಾನು?”

ಅದನ್ನು ಅಮ್ಮನ ಮುಂದೆ ಅಷ್ಟು ಗಟ್ಟಿಯಾಗಿ ಹೇಳಿಬಿಟ್ಟೆ. ಹೇಳಿದ ಮೇಲೂ ಸಿಟ್ಟು ಇಳಿಯಲಿಲ್ಲ. ತಮ್ಮನ ಮೇಲೆ ಸಿಟ್ಟು, ಬೂಷ್ಟು ಹಿಡಿಸಿದ ಮುದುಕನ ಮೇಲೆ ಸಿಟ್ಟು, ಎಲ್ಲರಿಗಿಂತ ಹೆಚ್ಚಾಗಿ ಬಾಯಿ ಮುಚ್ಚಿಕೊಂಡು ಕೂತ ಅಮ್ಮನ ಮೇಲೆ. ಅವಳು ಹಿಂದಿನಿಂದ ಸ್ಲೇಟ್ ಎತ್ತಿ ಹಿಡಿದು ಆಗಲೇ ಎಷ್ಟೋ ಹೊತ್ತಾಗಿತ್ತಂತೆ. ನಾವಿಬ್ಬರೂ ತಿರುಗಿ ನೋಡಿರಲಿಲ್ಲ. ಕುರ್ಚಿಯ ಕೈಗೆ ಬಳಪದಿಂದ ಕುಟ್ಟಿದ್ದಳು, ಬಳಪ ಮುರಿದಿತ್ತು.

“ಲೇ!”

ಹಳೆಯ ತಗಡು ಎಳೆದಂತೆ ಬಂತು ಆ ದನಿ. ಹಸಿರು ಗೆರೆ ಪರದೆಯ ಮೇಲಿನ ಅಂಚಿಗೆ ಹೋಗಿ ಬಡಿಯಿತು.

“ಮೊದಲು ಪ್ಲಗ್ ನೋಡ್ರೋ, ಮುಠ್ಠಾಳರಾ! ನೀವು ಕಿರುಚಿದಾಗೆಲ್ಲ ಗೆರೆ ಏಳ್ತಿದೆ, ಕಣ್ಣಿಲ್ವಾ? ಅದು ಕೇಳಿಸ್ಕೊಳ್ತಿರೋದು ಆ ಪರದೆ ಮೇಲಿರೋ ಕ್ಯಾಮೆರಾದ ಮೈಕಿಂದ, ಈ ಕೋಣೆನ! ನಿನ್ನೆ ಸ್ಪೀಕರಲ್ಲಿ ಹಾಡು ಹಾಕಿದ್ರಿ, ಮೈಕಿಗೆ ಕೇಳ್ತು, ಹಿಡೀತು. ಇವತ್ತು ಸದ್ದೆಲ್ಲ ಇವನ ಕಿವಿಗೆ ತುರುಕಿದೀರ. ಮೈಕು ಯಾರನ್ನ ಕೇಳ್ಬೇಕು? ನಿಮ್ಮಪ್ಪನ್ನಾ? ಕೀಳೋ ಆ ವೈರನ್ನ!”

ತಮ್ಮ ಕಿತ್ತ. ಸ್ಪೀಕರಿನಿಂದ ಅಮ್ಮನ ಹಳೆಯ ದನಿ ಕೋಣೆಯೊಳಗೆ ಬಂತು. ನಿಜವಾಗಿಯೂ ಗಂಟೆ ಹೊಡೆದಂತೆಯೇ ಇತ್ತು. “...ನಲ್ಲಿಯ ವಾಷರ್ ತಿರುಗುಮುರುಗು ಹಾಕಬೇಡಿ, ಹಾಕಿ ನನ್ನನ್ನು ಬೈಯಬೇಡಿ. ಮುಂದಿನ ವಾರ...” ಅಷ್ಟರಲ್ಲಿ ದನಿ ಎಳೆಯತೊಡಗಿತು, ದಪ್ಪವಾಯಿತು, ಟಪ್ ಎಂದು ನಿಂತುಹೋಯಿತು.

“ಕ್ಷಮಿಸಿ, ಕ್ಯಾಸೆಟ್ ತುಂಡಾಯ್ತು” ಎಂದ ಮುದುಕ, ಒಂದು ಹಾಡು ಹಾಕಿದ.

ತಮ್ಮನ ಮುಖ ಬಿಳಿಚಿಕೊಂಡಿತ್ತು. “ಸಾರಿ ಅಕ್ಕ” ಎಂದ. ನಾನು ಉತ್ತರ ಕೊಡಲಿಲ್ಲ, ಕೊಟ್ಟಿದ್ದರೆ ಅವನು ಮತ್ತೆ ನಮ್ಮ ಮನೆಗೆ ಬರುತ್ತಿರಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಅವನು ರೆಕಾರ್ಡಿಂಗ್ ನಿಲ್ಲಿಸಿದ. ‘ಉಳಿಸಬೇಕೆ? ಅಳಿಸಬೇಕೆ?’ ಎಂದು ಪರದೆ ಕೇಳಿತು.

“ಇದ್ರಲ್ಲಿ ಇರೋದೆಲ್ಲ ನಮ್ಮ ಜಗಳ, ಕೊನೇಲಿ ಪ್ರೋಗ್ರಾಮಿನ ಎರಡೇ ಮಾತು. ಕಸ. ಅಳಿಸಿಬಿಡ್ಲಾ?”

ಬಾಣದ ಗುರುತು ಅಳಿಸುವ ಗುಂಡಿಯ ಮೇಲೆ ಹೋಯಿತು. ನನ್ನ ಕಾಲು ತಾನಾಗಿ ನೆಲವನ್ನು ಒತ್ತಿತು, ಅಲ್ಲಿ ಬ್ರೇಕ್ ಇಲ್ಲದಿದ್ದರೂ.

“ಮುಟ್ಟಿದ್ರೆ ಕೈ ಮುರೀತೀನಿ!”

ಅವನನ್ನು ಕುರ್ಚಿಯಿಂದ ಎಬ್ಬಿಸಿ, ನಾನೇ ಕೂತು, ಉಳಿಸಿದೆ. ಆಮೇಲೆ ಹಾಕಿದೆ. ನಿಶ್ಶಬ್ದ, ತಮ್ಮನ ಪಿಸುಮಾತು, ಶಾಂಪೂ ಜಾಹೀರಾತು, ನನ್ನ ಕೂಗಾಟ. ನನ್ನ ದನಿ ಇಷ್ಟು ಕೆಟ್ಟದಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ, “ಲೇ! ಮೊದಲು ಪ್ಲಗ್ ನೋಡ್ರೋ, ಮುಠ್ಠಾಳರಾ!”

ಬಾಲ್ಯದಲ್ಲಿ ಹಾಲು ಚೆಲ್ಲಿದಾಗ, ಪರೀಕ್ಷೆಯಲ್ಲಿ ಫೇಲಾದಾಗ, ಮೊದಲ ಸಲ ತಡವಾಗಿ ಮನೆಗೆ ಬಂದಾಗ ನಾನು ಕೇಳಿದ್ದು ಆ ‘ಲೇ’. ಗಂಟೆಯಂಥ ದನಿ ಊರಿನವರದು, ನಮ್ಮ ಪಾಲಿಗೆ ಬಂದದ್ದು ಯಾವಾಗಲೂ ಇದೇ. ಒಡೆದಿದ್ದರೂ ಅದರ ಸಿಟ್ಟು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ತಮ್ಮ ಗೋಡೆಯ ಕಡೆ ತಿರುಗಿ ನಿಂತು ಮೂಗು ಒರೆಸಿಕೊಂಡ.

ಅಮ್ಮ ಕೊನೆಯವರೆಗೂ ಕೇಳಿದಳು.

“ಕೆಟ್ಟದಾಗಿದೆ” ಎಂದಳು, ಬಾಯಿಂದಲೇ.

“ಹೌದು, ಕೆಟ್ಟದಾಗಿದೆ. ನನಗೆ ಇದೇ ಬೇಕು. ಬಾಯಿ ಮುಚ್ಕೊಂಡು ಕೂತು ಇಷ್ಟು ದಿನ ತಿಂದ್ಬಿಟ್ಟೆಯಲ್ಲಮ್ಮ, ನಿನ್ನ ಮೇಲೆ ಎಷ್ಟು ಕೋಪ ಇದೆ ಗೊತ್ತಾ ನನಗೆ?”

ಅವಳು ನನ್ನನ್ನೇ ನೋಡಿದಳು. ಸ್ಲೇಟನ್ನು ಎತ್ತಿ ಮೇಜಿನ ಮೇಲೆ ಮಗುಚಿ ಹಾಕಿ, ಅದರ ಮೇಲೆ ಕಾಫಿ ಲೋಟ ಇಟ್ಟಳು.

“ಆ ಟವೆಲ್ ತೆಗಿ. ಫ್ಯಾನ್ ಹಾಕು, ಸೆಖೆಗೆ ಸಾಯ್ತಿದೀನಿ.”

“ಫ್ಯಾನಿನ ಸದ್ದು ಸೇರ್ಕೊಳ್ಳುತ್ತಮ್ಮ” ಎಂದ ತಮ್ಮ.

“ಸೇರ್ಕೊಳ್ಲಿ. ಒತ್ತು.”

ಒತ್ತಿದೆ. ಫ್ಯಾನಿನ ಸದ್ದಿಗೆ ಹಸಿರು ಗೆರೆ ಸಣ್ಣಗೆ ನಡುಗತೊಡಗಿತು. ಅಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು, ಕೆಮ್ಮಿದಳು, ನೋವಿಗೆ ಒಂದು ಕ್ಷಣ ಕಣ್ಣು ಮುಚ್ಚಿದಳು.

“ಏನು ಹೇಳ್ಲಿ?”

“ಬೈಯಮ್ಮ” ಎಂದೆ. “ಬುಧವಾರದವರೆಗೂ ಬೈತಾ ಇರು.”

“ಯಾರಿಂದ ಶುರು ಮಾಡ್ಲಿ?”

“ನನ್ನಿಂದ” ಎಂದೆವು ಇಬ್ಬರೂ.