ರೇಡಿಯೋದಲ್ಲಿ ಮಗಳ ದನಿ

ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ಸೇಬು ವಿಂಗಡಿಸುವ ಕೆಲಸದಲ್ಲಿದ್ದ ನೆಲಿದಾಳ ಕೈಯಲ್ಲಿ ಊರಿನ ಸ್ಪ್ಯಾನಿಷ್ ರೇಡಿಯೋದವರು ಒಂದು ಪ್ರಕಟಣೆ ಓದಿಸಿ ಧ್ವನಿಮುದ್ರಿಸಿಕೊಂಡಿದ್ದರು. ಮುಪ್ಪಿನಲ್ಲಿ ಆರೈಕೆಗೆ ನೆರವಾಗುವ ರಾಜ್ಯದ ವಿಮೆಯ ವಿಷಯ ಅದು. ಸಂಬಳದಲ್ಲಿ ಅದಕ್ಕೆಂದು ಹಣ ಮುರಿದುಕೊಳ್ಳುತ್ತಾರೆಂಬುದೇ ಜೊತೆಯವರಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ.

ಅವಳ ತಾಯಿ ಯೂಲಾಲಿಯಾ ತೋಟಗಳಲ್ಲಿ ದುಡಿದ ಕಾಲಕ್ಕೆ ಆ ವಿಮೆ ಇರಲಿಲ್ಲ. ಈಗ ಆಕೆಗೆ ಮರೆವಿನ ಕಾಯಿಲೆ. ಮಗಳನ್ನು ಹೆಸರು ಹಿಡಿದು ಕರೆಯದೆ ಎಷ್ಟೋ ಕಾಲವಾಗಿತ್ತು.

ಭಾನುವಾರ ಬೆಳಿಗ್ಗೆ ನೆಲಿದಾ ತಾಯಿಗೆ ಜೋಳದ ಗಂಜಿ ಕುಡಿಸುತ್ತಿದ್ದಾಗ ರೇಡಿಯೋದಲ್ಲಿ ಅವಳದೇ ದನಿ ಬಂತು: “ನಾಳೆ ನಿಮಗೆ ಸ್ನಾನ ಮಾಡಿಸೋಕೆ, ಊಟ ಮಾಡಿಸೋಕೆ ಒಬ್ರು ಬೇಕಾದಾಗ...”

ಯೂಲಾಲಿಯಾ ಚಮಚ ಹಿಡಿದಿದ್ದ ಮಗಳ ಕೈಯನ್ನು ತಟ್ಟನೆ ಹಿಡಿದಳು. “ಶ್! ಸುಮ್ನಿರಮ್ಮ. ನನ್ ಮಗಳು ಮಾತಾಡ್ತಿದಾಳೆ. ನನ್ ನೆಲಿದಾ!”

ಆ ಹೆಸರು ಕೇಳಿ ನೆಲಿದಾ ತಾಯಿಯತ್ತ ಬಾಗಿದಳು. “ಅಮ್ಮಾ, ನಾನೇ ನೆಲಿದಾ.”

ತಾಯಿ ನಕ್ಕುಬಿಟ್ಟಳು. “ಹೋಗಮ್ಮ! ನೀನು ಇಲ್ಲಿ ಕೂತಿದೀಯ, ಅವಳು ಅಲ್ಲಿ ಮಾತಾಡ್ತಿದಾಳೆ. ನಂಗೇನು ಕಿವಿ ಕೇಳಲ್ವಾ?”

ಪ್ರಕಟಣೆ ಮುಗಿದು ಹಾಡು ಶುರುವಾಯಿತು. ಯೂಲಾಲಿಯಾಳ ಮುಖ ಬಾಡಿತು. “ಒಂದ್ಸಲ ಮನೆಗೆ ಬಾ ಅಂತ ಹೇಳ್ಬೇಕಿತ್ತು.”

“ನಾನು ಹೇಳ್ತೀನಮ್ಮ. ಬಂದ್ರೆ ಏನ್ ಮಾಡ್ತೀಯಾ?”

“ತಲೆ ಬಾಚ್ತೀನಿ. ಕೆಲಸ ಕೆಲಸ ಅಂತ ಕೂದಲು ಕೆದರಿಕೊಂಡೇ ಓಡಾಡ್ತಾಳೆ.”

ನೆಲಿದಾ ಬಟ್ಟಲು ಕೆಳಗಿಟ್ಟಳು. ಬಾಚಣಿಗೆ ತಂದು ತಾಯಿಯ ಕೈಗೆ ಕೊಟ್ಟು, ತನ್ನ ಜಡೆ ಬಿಚ್ಚಿ ಅವಳ ಕಾಲ ಬಳಿ ಬೆನ್ನು ಮಾಡಿ ಕುಳಿತಳು.

“ಅವಳು ಬರೋವರೆಗೂ ನಂದು ಬಾಚು,” ಎಂದಳು.

ಯೂಲಾಲಿಯಾ ಮೆಲ್ಲಗೆ ಸಿಕ್ಕು ಬಿಡಿಸತೊಡಗಿದಳು.