ಜರಡಿಗೆ ಸಿಕ್ಕ ಬಾಬಿನ್

ಬಸ್ಸಿನಲ್ಲಿ ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದವಳು ನಾನು. ಅಂಥವರು ಕಿಟಕಿಯ ಹೊರಗೆ ನೋಡುತ್ತಾರೆ ಎಂದು ಜನ ತಿಳಿದಿದ್ದಾರೆ. ಹೊರಗೆ ನೋಡುವವರು ಬರೀ ಹೊಸಬರು. ಪಳಗಿದವನು ನೇರವಾಗಿ ನನ್ನನ್ನೇ ನೋಡಿ ನಗುತ್ತಾನೆ, "ಏನ್ ಮೇಡಂ, ಇವತ್ತು ಈ ಕಡೆ?" ಎಂದು ಕುಶಲ ವಿಚಾರಿಸುತ್ತಾನೆ. ವಿಚಾರಿಸಿದವನ ಟಿಕೆಟ್ಟನ್ನೇ ನಾನು ಮೊದಲು ಕೇಳುತ್ತಿದ್ದೆ. ನಿವೃತ್ತಿಯಾದರೂ ಈ ಚಾಳಿ ಬಿಟ್ಟಿಲ್ಲ. ತರಕಾರಿಯವನು ಒಂದು ಹಿಡಿ ಹೆಚ್ಚಿಗೆ ಹಾಕಿದರೆ, ಮನೆಗೆ ಬಂದು ಮೊದಲು ಆ ಹಿಡಿಯಲ್ಲಿ ಕೊಳೆತದ್ದೆಷ್ಟು ಎಂದು ನೋಡುತ್ತೇನೆ.

ಇಂಥವಳಿಗೆ ಹೇಳಿ ಮಾಡಿಸಿದ ಕೆಲಸವೊಂದು ಸಿಕ್ಕಿತು. ಹಳೆಯ ಹೊಲಿಗೆ ಯಂತ್ರಗಳನ್ನು ತಾವೇ ರಿಪೇರಿ ಮಾಡಿಕೊಳ್ಳುವವರ ಆನ್‌ಲೈನ್ ಬಳಗವೊಂದಿದೆ. ಅದನ್ನು ಕಾಯುವವರು ಮೂವರು: ನಾನು, ಒಬ್ಬ ಗಣಿತದ ಮೇಷ್ಟ್ರು, ಒಬ್ಬಳು ನರ್ಸ್. ಸಂಬಳವಿಲ್ಲ, ರಜೆಯೂ ಇಲ್ಲ. ಅವರಿಬ್ಬರನ್ನು ಪರದೆಯ ಮೇಲೆ ಬಿಟ್ಟರೆ ಬೇರೆಲ್ಲೂ ನಾನು ಕಂಡಿಲ್ಲ. ನಮಗಿಂತ ಮುಂಚೆ ಬಾಗಿಲಲ್ಲಿ ನಿಲ್ಲುವುದು ಒಂದು ಪ್ರೋಗ್ರಾಮು. ಅದಕ್ಕೆ ನಾವಿಟ್ಟ ಹೆಸರು ಜರಡಿ. ಬೊಜ್ಜು ಕರಗಿಸುವ ಪುಡಿ, ಕೂತಲ್ಲೇ ಕೋಟ್ಯಧಿಪತಿಯಾಗುವ ಉಪಾಯ, ಇಂಥ ಜಾಹೀರಾತುಗಳು ಬಂದರೆ ಜರಡಿ ಹಿಡಿದು ಪಕ್ಕಕ್ಕಿಡುತ್ತದೆ. ನಾವು ನೋಡಿ 'ಕಸ' ಎಂದೋ 'ಬಿಡು' ಎಂದೋ ಒತ್ತಬೇಕು. ನಾವು ಒತ್ತಿದ್ದನ್ನು ನೋಡಿ ನೋಡಿ ಅದು ಕಲಿಯುತ್ತದೆ. ಎಲ್ಲರಿಗಿಂತ ಹೆಚ್ಚು ಒತ್ತುವವಳು ನಾನು, ಅದರಲ್ಲೂ 'ಕಸ'ವನ್ನು. ಜರಡಿಗೆ ಅನುಮಾನದ ಅಕ್ಷರಾಭ್ಯಾಸ ಮಾಡಿಸಿದವಳು ನಾನೇ ಎಂದರೆ ತಪ್ಪಾಗದು.

ಬಳಗದಲ್ಲಿ ನನ್ನನ್ನು ಟಿಕೆಟ್ ಅಕ್ಕ ಎನ್ನುತ್ತಾರೆ. ನಾನು ಬಂದರೆ ಹರಟೆ ನಿಂತು ಎಲ್ಲರೂ ನೆಟ್ಟಗೆ ಕೂರುತ್ತಾರಂತೆ. ಕೆಲಸ ಬಿಟ್ಟ ಮೇಲೆ ಜನ ನನಗೆ ಹೆದರುವ ಜಾಗ ಅದೊಂದೇ ಉಳಿದಿತ್ತು. ಆ ಜಾಗದ ಮೇಲೆ ನನಗೆ ಜೀವ. 'ಒಬ್ಬರಿಗೆ ಒಂದೇ ಹೆಸರು' ಎಂಬ ನಿಯಮ ಬರೆದವಳೂ ನಾನೇ. ಕೆಲವರು ಇನ್ನೊಂದು ಕಳ್ಳ ಹೆಸರಿನಲ್ಲಿ ಬಂದು ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಾರೆ. ಸಿಕ್ಕಿಬಿದ್ದವರನ್ನು ಕಾರಣ ಕೇಳದೆ ಹೊರಹಾಕತಕ್ಕದ್ದು, ಕಾಯುವವರೇ ಸಿಕ್ಕಿಬಿದ್ದರೆ ಅವರ ಅಧಿಕಾರ ಕಸಿದುಕೊಳ್ಳತಕ್ಕದ್ದು. ನರ್ಸ್‌ಗೆ 'ಕಾರಣ ಕೇಳದೆ' ಎಂಬ ಮಾತು ಹಿಡಿಸಿರಲಿಲ್ಲ. ಕಾರಣ ಕೇಳುತ್ತಾ ಕೂತರೆ ಬಸ್ಸು ನಿಲ್ದಾಣ ಬಿಡುವುದಿಲ್ಲ ಎಂದು ನಾನು ಅವಳ ಬಾಯಿ ಮುಚ್ಚಿಸಿದ್ದೆ.

ಈ ನಡುವೆ, ಯಂತ್ರದ ಕೆಳದಾರ ಸುತ್ತುವ ಉರುಳೆಯ ಹೆಸರಿಟ್ಟುಕೊಂಡು, 'ಬಾಬಿನ್' ಎಂಬ ಹೊಸ ಸದಸ್ಯ ಸೇರಿದ. ಪಾಪದ ಪ್ರಾಣಿ. ಸೂಜಿಯ ಚಪ್ಪಟೆ ಬದಿ ಯಾವ ಕಡೆ ಬರಬೇಕು ಎಂಬುದೂ ಗೊತ್ತಿಲ್ಲ. ಬೆಳಿಗ್ಗೆ ವಾಕಿಂಗ್ ಮುಗಿಸಿ ನಾನು ಪಾರ್ಕಿನ ಬೆಂಚಿನಲ್ಲಿ ಕೂತಿರುವಾಗ ಅವನ ಪ್ರಶ್ನೆ ಬರುತ್ತಿತ್ತು. ಹೊಸಬರಿಗೆಲ್ಲ ನಾನು ಬರೆಯುವ ಮೊದಲ ಮಾತು ಒಂದೇ: "ಚಿಂತೆ ಬೇಡ. ಒಂದು ಲೋಟ ನೀರು ಕುಡಿದು ಬನ್ನಿ, ಆಮೇಲೆ ನೋಡೋಣ." ಬಾಬಿನ್‌ಗೂ ಹಾಗೇ ಬರೆದೆ. ಅವನು ನೀರು ಕುಡಿದು ಬರುತ್ತಿದ್ದ, ನಾನು ಹೇಳಿದ ಹಾಗೆ ಬಿಚ್ಚುತ್ತಿದ್ದ, ಜೋಡಿಸುತ್ತಿದ್ದ. ಕೊನೆಗೆ ಪ್ರತಿಸಲವೂ ಒಂದೇ ವಾಕ್ಯ: "ನಿಮ್ಮಿಂದ ದೊಡ್ಡ ಉಪಕಾರವಾಯಿತು, ಅಕ್ಕ." ಇಷ್ಟು ವಿಧೇಯ ಶಿಷ್ಯ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಒಂದು ದಿನ ಜರಡಿ ಬಾಬಿನ್‌ನನ್ನು ಹಿಡಿದು ಪಕ್ಕಕ್ಕಿಟ್ಟಿತು. ಅದನ್ನು ನೋಡಿದ ಮೇಷ್ಟ್ರು ನನಗೆ ಫೋನ್ ಮಾಡಿದರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಈ ಬಾಬಿನ್ ನಿಮ್ಮನ್ನ ಬಿಟ್ಟು ಬೇರೆ ಯಾರ ಹತ್ರಾನೂ ಮಾತಾಡಿಲ್ಲ. ಅದೇ ಹೊಗಳಿಕೆ, ಅದೇ ವಾಕ್ಯ, ದಿನಾ."

"ಒಳ್ಳೆ ಸಂಸ್ಕಾರ ಇರೋರು ಥ್ಯಾಂಕ್ಸ್ ಹೇಳ್ತಾರೆ. ಅದ್ರಲ್ಲಿ ಕಳ್ಳತನ ಏನು ಬಂತು?"

ಮೇಷ್ಟ್ರು ಕೆಮ್ಮಿದರು. "ಅವನು ಬರೆಯೋದು ನಿಮ್ಮ ಮನೆ ಇಂಟರ್‌ನೆಟ್ಟಿಂದಾನೇ ಮೇಡಂ. ಜರಡಿ ತೋರಿಸ್ತಿದೆ."

ಸಿಟ್ಟು ನೆತ್ತಿಗೇರಿತು. ನಾನು ಕಳ್ಳ ಹೆಸರಿಟ್ಟುಕೊಂಡು ನನಗೇ ಹೊಗಳಿಕೆ ಬರೆದುಕೊಂಡೆನೇ? ಜೀವಮಾನವಿಡೀ ಬೇರೆಯವರ ಜೇಬು ನೋಡಿದವಳ ಜೇಬಿಗೆ ಈಗ ಇವರು ಕೈ ಹಾಕುವುದೇ?

"ಭಾನುವಾರ ಬೆಳಿಗ್ಗೆ ಮೂರೂ ಜನ ವೀಡಿಯೋದಲ್ಲಿ ಕೂತು ಮಾತಾಡೋಣ," ಎಂದರು ಮೇಷ್ಟ್ರು. "ನಿಯಮದ ಪ್ರಕಾರ ಕೇಳೋ ಹಾಗೂ ಇಲ್ಲ. ಆದ್ರೆ ನಿಮ್ಮ ಹತ್ರ ಕೇಳದೆ ಹೇಗೆ ಬಿಡೋದು?"

ನಿಯಮ ಯಾರು ಬರೆದದ್ದು ಎಂದು ಅವರು ಹೇಳಲಿಲ್ಲ. ಹೇಳದೆ ಬಿಟ್ಟದ್ದೇ ನನಗೆ ಹೆಚ್ಚು ಚುಚ್ಚಿತು.

ಮೊದಲು ಅನುಮಾನ ಬಂದದ್ದು ನರ್ಸ್ ಮೇಲೆ. ನನ್ನ ಜಾಗದ ಮೇಲೆ ಅವಳಿಗೆ ಮೊದಲಿಂದಲೂ ಕಣ್ಣಿತ್ತೋ ಏನೋ. ಆದರೆ ಎಲ್ಲೋ ಇರುವ ಅವಳು ನನ್ನ ಮನೆಯ ಇಂಟರ್‌ನೆಟ್ ಹಿಡಿಯುವುದು ಹೇಗೆ? ಆಗ ಮಹಡಿಯ ಬಾಡಿಗೆದಾರ ನೆನಪಾದ. ಕನ್ನಡಕದ ಅಂಗಡಿಯವನು, ಸದಾ ಹಲ್ಲು ಕಿರಿಯುವ ಮನುಷ್ಯ. ಒಮ್ಮೆ ಅವನ ಇಂಟರ್‌ನೆಟ್ ಕೆಟ್ಟಾಗ ನನ್ನ ಪಾಸ್‌ವರ್ಡ್ ಇಸಿದುಕೊಂಡಿದ್ದ. ಅವನ ಹೆಂಡತಿ ಹೊಸ ಹೊಸ ಪರದೆಗಳನ್ನು ಕಿಟಕಿಗೆ ಹಾಕುತ್ತಲೇ ಇರುತ್ತಾಳೆ. ಯಾರು ಹೊಲಿಯುತ್ತಾರೆ ಅಷ್ಟೊಂದನ್ನು?

ಮನೆಯಲ್ಲಿ ಇನ್ನೊಬ್ಬಳಿದ್ದಾಳೆ, ನನ್ನ ತಂಗಿ. ಅವಳ ಮೇಲಿನ ಅನುಮಾನ ನನ್ನ ತಲೆಗೇ ಬರಲಿಲ್ಲ. ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ರೋಗಿಗಳಿಗೆ ಚೀಟಿ ಕೊಡುವ ಕೆಲಸ ಅವಳದು. ಫೋನು ಇರುವುದು ಹಾಡು ಕೇಳುವುದಕ್ಕೆ. ಕೈಗೆ ಸಿಕ್ಕಿದ್ದನ್ನೆಲ್ಲ ಬೀಳಿಸುವವಳು. ಹಿಂದಿನ ಕೋಣೆಯಲ್ಲಿ ಅಮ್ಮನ ಹೊಲಿಗೆ ಯಂತ್ರವಿದೆ. ತುಕ್ಕು ಹಿಡಿದು ಮೂಲೆ ಸೇರಿದ್ದನ್ನು ನಾನು ಒಂದೊಂದೇ ಭಾಗ ಬಿಚ್ಚಿ, ಉಜ್ಜಿ, ಎಣ್ಣೆ ಬಿಟ್ಟು ಮತ್ತೆ ತಿರುಗುವ ಹಾಗೆ ಮಾಡಿದ್ದೇನೆ. ಅದನ್ನು ಮುಟ್ಟಕೂಡದು ಎಂದು ತಂಗಿಗೆ ಕಟ್ಟುನಿಟ್ಟು ಮಾಡಿದ್ದೆ. ಅವಳು ಸರಿ ಎಂದಿದ್ದಳು.

ಬಾಬಿನ್‌ಗೆ ಬಲೆ ಬೀಸಿದೆ. ಜರಡಿಯಿಂದ ಅವನನ್ನು ಬಿಡಿಸಿ, ಅವನ ಹೊಸ ಪ್ರಶ್ನೆಗೆ ಉತ್ತರ ಬರೆದೆ: "ಚಿಂತೆ ಬೇಡ. ನೀವು ಚಕ್ರವನ್ನು ಆಗಾಗ ಹಿಂದಕ್ಕೆ ತಿರುಗಿಸುತ್ತಿದ್ದೀರಿ. ಕೈಚಕ್ರದ ಕಡ್ಡಿಗೆ ಒಂದು ಹಸಿರು ದಾರ ಕಟ್ಟಿ. ಯಾವ ಕಡೆ ತಿರುಗುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ." ಉಪಾಯವೇನೋ ಸರಿಯಾದದ್ದೇ. ಹಸಿರು ಮಾತ್ರ ನನ್ನ ಗುರುತು. ಸ್ವಲ್ಪ ಹೊತ್ತಿಗೇ ಉತ್ತರ ಬಂತು: "ಕಟ್ಟಿದೆ. ನಿಮ್ಮಿಂದ ದೊಡ್ಡ ಉಪಕಾರವಾಯಿತು, ಅಕ್ಕ." ನಾನು ಪಾರ್ಕಿನಿಂದ ನೇರ ಮಹಡಿ ಹತ್ತಿದೆ.

ಬಾಗಿಲು ತೆರೆದ ಕನ್ನಡಕದವನು ಎಂದಿನಂತೆ ಹಲ್ಲು ಕಿರಿದ. ನೀರಿನ ಟ್ಯಾಂಕಿನ ನೆಪ ಹೇಳಿ ಒಳಗೆ ನುಗ್ಗಿ ಮೂಲೆ ಮೂಲೆಗೂ ಕಣ್ಣು ಹಾಯಿಸಿದೆ.

"ಹೊಲಿಗೆ ಮಷಿನ್ ಎಲ್ಲಿಟ್ಟಿದೀರಿ?"

"ಮಷಿನ್ನಾ? ನಮ್ಮನೇಲಿ ಒಂದು ಗುಂಡಿ ಕಿತ್ತೋದ್ರೂ ಟೈಲರ್ ಹತ್ರಾನೇ ಓಡೋದು ಮೇಡಂ."

"ನನ್ನ ಇಂಟರ್‌ನೆಟ್ ಉಪಯೋಗಿಸ್ತಿದೀರಲ್ಲ?"

ಅವನ ನಗು ಮಾಯವಾಯಿತು. "ಕೊಟ್ಟ ವಾರಾನೇ ಪಾಸ್‌ವರ್ಡ್ ಬದಲಾಯಿಸಿಬಿಟ್ರಲ್ಲ ನೀವು. ಮತ್ತೆ ಕೇಳೋಕೆ ನಮಗೂ ನಾಚಿಕೆ ಆಯ್ತು, ಸುಮ್ಮನಾದ್ವಿ."

ಹೌದು, ಬದಲಾಯಿಸಿದ್ದೆ. ಯಾರಿಗೆ ಗೊತ್ತು, ಇನ್ನೂ ಯಾರ್ಯಾರಿಗೆ ಕೊಡುತ್ತಾನೋ ಎಂದು. ಮುಖಕ್ಕೆ ಹೊಡೆದ ಹಾಗಾಗಿ ಕೆಳಗಿಳಿದೆ. ಹೊಸ ಪಾಸ್‌ವರ್ಡ್ ಗೊತ್ತಿರುವುದು ನನಗೆ, ಮತ್ತೆ ನನ್ನ ತಂಗಿಗೆ. ಮೆಟ್ಟಿಲ ಮೇಲೇ ಒಂದು ಗಳಿಗೆ ನಿಂತುಬಿಟ್ಟೆ. ಛೆ, ಅವಳಿಗೆ ಸೂಜಿಯ ಹಿಂದು ಮುಂದು ತಿಳಿಯದು ಎಂದುಕೊಂಡೇ ಹಿಂದಿನ ಕೋಣೆಗೆ ಹೋಗಿ ಯಂತ್ರದ ಹೊದಿಕೆ ಎತ್ತಿದೆ.

ಕೈಚಕ್ರದ ಕಡ್ಡಿಗೆ ಹಸಿರು ದಾರ ಕಟ್ಟಿತ್ತು. ಗಂಟು ಅಚ್ಚುಕಟ್ಟಾಗಿತ್ತು, ತುದಿಯನ್ನು ಕತ್ತರಿಯಿಂದ ಸಮನಾಗಿ ಕತ್ತರಿಸಲಾಗಿತ್ತು.

ತಂಗಿ ಆ ದಿನ ಬೇಗನೆ ಕೆಲಸಕ್ಕೆ ಹೊರಟುಹೋಗಿದ್ದಳು. ಸಂಜೆ ಅವಳು ಬರುವಷ್ಟರಲ್ಲಿ ನಾನು ಮಾತುಗಳನ್ನೆಲ್ಲ ಮಸೆದು ಇಟ್ಟುಕೊಂಡಿದ್ದೆ. ಅವಳು ಚಪ್ಪಲಿ ಬಿಡುತ್ತಿರುವಾಗಲೇ ದಾರವನ್ನು ಮೇಜಿನ ಮೇಲಿಟ್ಟೆ. ಅವಳು ಅದನ್ನು ನೋಡಿದಳು.

"ನಾನೇ ಅಕ್ಕ. ಬಾಬಿನ್ ನಾನೇ."

"ನಾನು ಮನೆ ಬಿಟ್ಟ ತಕ್ಷಣ ನೀನು ಯಂತ್ರದ ಮುಂದೆ ಕೂರ್ತಿದ್ದೆ ಅನ್ನು! ಕೆಟ್ರೆ ನನ್ನಿಂದಾನೇ ರಿಪೇರಿ! ಪಾರ್ಕಲ್ಲಿ ಕೂತು ನನ್ನ ಯಂತ್ರಾನ ನಾನೇ ಸರಿ ಮಾಡಿಸ್ತಿದ್ದೆನಾ? ಅಲ್ಲಿ ನನ್ನ ಮಾನ ಹರಾಜಾಗ್ತಿದೆ, ಗೊತ್ತಾ? ಭಾನುವಾರ ನನ್ನನ್ನ ಕಿತ್ತು ಹಾಕ್ತಾರೆ. ಏನೇ, ಬಾಯಲ್ಲಿ ಕೇಳೋಕೆ ಏನಾಗಿತ್ತು ನಿಂಗೆ?"

"ಕೇಳಿದ್ದೆ," ಎಂದಳು. "ಆವಾಗ ನೀನೇನು ಅಂದೆ ಅಂತ ನೆನಪಿದ್ಯಾ?"

ನನಗೆ ನೆನಪಿರಲಿಲ್ಲ. ಅವಳು ಚೀಲ ಎತ್ತಿಕೊಂಡು ಅಡುಗೆಮನೆಗೆ ಹೋದಳು. "ಭಾನುವಾರ ನಾನೂ ಕೂರ್ತೀನಿ. ನಾನೇ ಹೇಳ್ತೀನಿ ಅವರಿಗೆ," ಎಂಬ ಮಾತು ಮಾತ್ರ ಒಳಗಿನಿಂದ ಬಂತು.

ಆಮೇಲೆ ನಾನು ಫೋನು ತೆಗೆದು ಬಾಬಿನ್‌ನ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಮೊದಲಿಂದ ಓದಿದೆ. ಅವನು, ಅಂದರೆ ಅವಳು, ಸೂಜಿ ಮುರಿದುಕೊಂಡ ದಿನ ನಾನು ಬರೆದಿದ್ದೆ: "ಸೂಜಿ ಮುರಿಯದ ಕೈ ಯಾವುದಿದೆ? ನಾನೂ ಎಷ್ಟೋ ಮುರಿದಿದ್ದೇನೆ." ಇನ್ನೊಂದು ಕಡೆ: "ನಿಮ್ಮ ಕೈ ಚೆನ್ನಾಗಿ ಕೂರುತ್ತಿದೆ." ಓದುತ್ತಾ ಓದುತ್ತಾ, ಅವಳು ಬಾಗಿಲಲ್ಲಿ ನಿಂತು, ಸೂಜಿಗೆ ದಾರ ಹೇಗೆ ಹಾಕುವುದು ಅಕ್ಕ ಎಂದು ಕೇಳಿದ್ದು ನೆನಪಿಗೆ ಬಂತು. ಯಾರು ಮುಟ್ಟಿದ್ದು, ಯಾವಾಗ ಮುಟ್ಟಿದ್ದು, ಯಾರನ್ನು ಕೇಳಿ ಮುಟ್ಟಿದ್ದು ಎಂದು ನಾನು ಒಂದೇ ಉಸಿರಿಗೆ ಕೇಳಿದ್ದೆ. ಉತ್ತರಕ್ಕೂ ಕಾಯದೆ ಯಂತ್ರದ ಮೇಲೆ ಹೊದಿಕೆ ಎಳೆದಿದ್ದೆ. ಮುಖ ನೋಡದವರಿಗೆ ನೀರು ಕುಡಿದು ಬನ್ನಿ ಎನ್ನುವ ನಾನು ಮನೆಯವಳಿಗೆ ಟಿಕೆಟ್ ಕೇಳಿದ್ದೆ. ಆದರೂ ಅದನ್ನು ಅವಳ ಮುಂದೆ ಹೇಳಲು ಬಾಯಿ ಬರಲಿಲ್ಲ.

ಭಾನುವಾರ ಇಬ್ಬರೂ ಮೇಜಿನ ಮುಂದೆ ಅಕ್ಕಪಕ್ಕ ಕೂತೆವು. ಪರದೆಯಲ್ಲಿ ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟು ಹಾಕಿ ಗಂಭೀರವಾಗಿದ್ದರು. ನರ್ಸ್ ಡ್ಯೂಟಿ ಮುಗಿಸಿ ಬಂದಿದ್ದಳು, ಕಣ್ಣಲ್ಲಿ ನಿದ್ದೆಯಿತ್ತು.

"ಬಾಬಿನ್ ಇವಳೇ, ನನ್ನ ತಂಗಿ," ಎಂದೆ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಸರಿ. ಒಂದು ಮಾತು ಕೇಳ್ತೀನಮ್ಮ, ತಪ್ಪು ತಿಳೀಬೇಡಿ. ಒಂದೇ ಮನೇಲಿ ಇದ್ದುಕೊಂಡು, ಅಕ್ಕನನ್ನೇ ಕೇಳೋದು ಬಿಟ್ಟು ಇಷ್ಟು ಸುತ್ತು ಬಳಸಿ ಯಾಕೆ ಬಂದ್ರಿ?"

ತಂಗಿ ಕ್ಯಾಮೆರಾವನ್ನೇ ನೇರವಾಗಿ ನೋಡಿ ನಕ್ಕಳು.

"ಸರ್‌ಪ್ರೈಸ್ ಸರ್! ಅಕ್ಕನಿಗೆ ಒಂದು ದಿಂಬಿನ ಕವರ್ ಹೊಲ್ದು ಕೊಡೋಣ ಅಂತ. ಮೊದಲೇ ಹೇಳಿಬಿಟ್ರೆ ಮಜಾ ಎಲ್ಲಿರುತ್ತೆ ಹೇಳಿ? ನಮ್ಮಕ್ಕ ಬಹಳ ಒಳ್ಳೆಯೋರು ಸರ್, ಎಷ್ಟು ಸಲ ಕೇಳಿದ್ರೂ ಬೇಜಾರಿಲ್ಲದೆ ಹೇಳಿಕೊಡ್ತಾರೆ."

ಎಷ್ಟು ಸಲೀಸಾಗಿ ಹೇಳಿದಳು! ರೆಪ್ಪೆ ಕೂಡ ಅಲುಗಲಿಲ್ಲ. ಆ ನಗು ನನಗೆ ಚೆನ್ನಾಗಿ ಗೊತ್ತು. ಪಳಗಿದವರ ನಗು ಅದು. ನನ್ನ ತಂಗಿ ಎಲ್ಲಿ ಪಳಗಿದಳು? ನಾನು ಬೆಳಿಗ್ಗೆ ಸಂಜೆ ತಪಾಸಣೆ ಮಾಡುವ ಈ ಮನೆಯಲ್ಲೇ.

ಮೇಷ್ಟ್ರ ಮುಖ ಅರಳಿತು. "ಅಷ್ಟೇ ತಾನೇ! ಮುಗೀತು ಬಿಡಿ ಮೇಡಂ. ನೀವು ಹೇಗಿದ್ರೋ ಹಾಗೇ ಮುಂದುವರೀರಿ."

ಸುಮ್ಮನಿದ್ದಿದ್ದರೆ ಎಲ್ಲವೂ ನನ್ನದಾಗಿಯೇ ಉಳಿಯುತ್ತಿತ್ತು.

"ಸುಳ್ಳು," ಎಂದೆ. ತಂಗಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ನಿಲ್ಲಿಸಲಿಲ್ಲ. "ಸರ್‌ಪ್ರೈಸೂ ಇಲ್ಲ, ದಿಂಬಿನ ಕವರೂ ಇಲ್ಲ ಮೇಷ್ಟ್ರೇ. ಮನೇಲಿ ಇವಳು ಏನು ಕೇಳಿದ್ರೂ ನಾನು ಕಳ್ಳಿ ಹಿಡಿದ ಹಾಗೆ ಹಿಡೀತೀನಿ. ನಿಮ್ಮೆಲ್ಲರ ಹತ್ರ ಮಾತಾಡೋ ಹಾಗೆ ಇವಳ ಹತ್ರ ಒಂದು ದಿನಾನೂ ಮಾತಾಡಿಲ್ಲ. ಒಂದು ಒಳ್ಳೆ ಮಾತು ಬೇಕಾಗಿತ್ತು, ಅದಕ್ಕೆ ಬೇರೆ ಹೆಸರಲ್ಲಿ ಬಂದ್ಲು. ತಪ್ಪು ನಂದು. ನನ್ನ ಅಧಿಕಾರ ತೆಗೀಬೇಕು ಅಂದ್ರೆ ತೆಗೀರಿ."

ಮೇಷ್ಟ್ರು ನೀರಿನ ಬಾಟಲಿ ಹುಡುಕತೊಡಗಿದರು. ಮಾತಾಡಿದವಳು ನರ್ಸ್.

"ಅಧಿಕಾರ ಇಟ್ಕೊಳ್ಳಿ ಅಕ್ಕ. ಆ 'ಕಾರಣ ಕೇಳದೆ' ಅನ್ನೋದನ್ನ ಮಾತ್ರ ನಾನು ಇವತ್ತೇ ಅಳಿಸ್ತೀನಿ," ಎಂದು ಆಕಳಿಸುತ್ತಾ ಪರದೆಯಿಂದ ಮಾಯವಾದಳು.

ತಂಗಿ ಎದ್ದು ಹೋದಳು. ಆ ದಿನವೆಲ್ಲ ನಾವು ಊಟಕ್ಕೆ ಬಾ, ಬಾಗಿಲು ಹಾಕು ಎಂಬುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಮರುದಿನ ಪಾರ್ಕಿನ ಬೆಂಚಿನಲ್ಲಿ ಕೂತು ಫೋನು ನೋಡುತ್ತಲೇ ಇದ್ದೆ. ಬಾಬಿನ್ ಬರಲಿಲ್ಲ. ಇನ್ನು ಬರುವುದಿಲ್ಲವೇನೋ ಎನಿಸಿತು. ಎದ್ದು ಹೊರಡುವ ಮುಂಚೆ, ಹಳೆಯ ಅಭ್ಯಾಸದಿಂದ, ಜರಡಿ ಪಕ್ಕಕ್ಕಿಟ್ಟದ್ದನ್ನು ನೋಡಿದೆ. ಪುಡಿ ಮಾರುವವರ ನಡುವೆ ಬಾಬಿನ್ ಸಿಕ್ಕಿಬಿದ್ದಿದ್ದ: "ಕೆಳಗಡೆ ದಾರ ಗಂಟು ಗಂಟಾಗುತ್ತಿದೆ. ಏನು ಮಾಡಲಿ?" ನಾನು ಕಲಿಸಿದ್ದನ್ನು ಜರಡಿ ಇನ್ನೂ ಮರೆತಿರಲಿಲ್ಲ.

'ಬಿಡು' ಒತ್ತಿದೆ. ಉತ್ತರ ಬರೆಯಲಿಲ್ಲ. ಮನೆಗೆ ನಡೆದೆ.

ಹಿಂದಿನ ಕೋಣೆಯಲ್ಲಿ ತಂಗಿ ಯಂತ್ರದ ಮುಂದೆ ಕೂತಿದ್ದಳು. ನನ್ನ ಹೆಜ್ಜೆ ಕೇಳಿದ್ದೇ ತಡ, ಅವಳ ಕೈ ಚಕ್ರದಿಂದ ಹಾರಿ ಮಡಿಲಿಗೆ ಬಿತ್ತು. ಸೂಜಿಯ ಕೆಳಗೆ ಬಟ್ಟೆ ಮುದುಡಿ ಕೂತಿತ್ತು. ಬಟ್ಟೆಯನ್ನು ಒತ್ತಿಹಿಡಿಯುವ ಒತ್ತುಪಾದವನ್ನು ಎತ್ತದೆಯೇ ದಾರ ಪೋಣಿಸಿದ್ದಾಳೆ ಎಂದು ಬಾಗಿಲಿಂದಲೇ ತಿಳಿಯಿತು.

"ಯಾರು..." ಎಂದು ಶುರುವಾದ ನಾಲಿಗೆಯನ್ನು ಕಚ್ಚಿಕೊಂಡೆ.

"ಚಿಂತೆ ಬೇಡ," ಎಂದೆ. ಬರೆದು ಬರೆದು ರೂಢಿಯಾದ ಮಾತು ಬಾಯಲ್ಲಿ ಎಷ್ಟು ಕಷ್ಟ! "ಒಂದು ಲೋಟ ನೀರು ಕುಡಿದು ಬಾ. ಆಮೇಲೆ ನೋಡೋಣ."

ಅವಳು ಏಳಲಿಲ್ಲ. ನನ್ನ ಮುಖವನ್ನೇ ನೋಡಿದಳು. ಕಣ್ಣು, ಬಾಯಿ, ಹಣೆಯ ಗೆರೆ, ಒಂದೊಂದನ್ನೂ ನಿಧಾನವಾಗಿ, ಇದರಲ್ಲಿ ಮೋಸವೆಲ್ಲಿದೆ ಎಂದು ಹುಡುಕುವ ಹಾಗೆ ನೋಡಿದಳು. ಹಾಗೆ ನೋಡುವುದನ್ನು ಅವಳು ಕಲಿತದ್ದು ನನ್ನಿಂದಲೇ. ನಾನು ನಗಲು ಹೋದೆ, ಆಗಲಿಲ್ಲ. ಕಿಟಕಿಯ ಹೊರಗೆ ನೋಡತೊಡಗಿದೆ.